ಭಾಲ್ಕಿಗೆ ಬರುತ್ತಿದ್ದ ಸಮುದ್ರ

ದೊಡ್ಡ ಅಲೆಯೊಂದು ಬಂದು ವಿಠ್ಠಲ ಕಾಕಾನನ್ನು ದಂಡೆಯಿಂದ ಎಳೆದುಕೊಂಡು ಹೋಗಬಹುದಿತ್ತು. ಎಳೆದೊಯ್ಯದಿದ್ದರೂ ಕೆಡವಿ, ಮೂಗಿನಲ್ಲಿ ಉಪ್ಪುನೀರು ಹೊಕ್ಕು, ಆ ಉಪ್ಪು ಮಿದುಳಿಗೇರಿ ಅವನಿಗೆ ನಮ್ಮೆಲ್ಲರ ಹೆಸರು ಮರೆತುಹೋಗಬಹುದಿತ್ತು. ಮಲಗಿದ್ದಾಗ ನೀರು ಏರಿ ಹಾಸಿಗೆ ಸಮೇತ ಅವನನ್ನು ಅರಬ್ಬರ ದೇಶಕ್ಕೆ ಮುಟ್ಟಿಸಬಹುದಿತ್ತು, ಅಲ್ಲಿ ಅವನು ಜೋಳದ ರೊಟ್ಟಿಗೆ ಬಾಯಿಬಿಟ್ಟು ಸೊರಗಬಹುದಿತ್ತು. ಗಾಳಿಗೆ ತೆಂಗಿನಕಾಯಿ ಕಳಚಿ ನೆತ್ತಿಯ ಮೇಲೆ ಬೀಳಬಹುದಿತ್ತು. ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಬಹುದಿತ್ತು. ಆ ಕಡೆಯ ಮಳೆ ನಮ್ಮ ಮಳೆಯ ಹಾಗೆ ಮುಖ ತೋರಿಸಿ ಹೋಗುವಂಥದ್ದಲ್ಲವೆಂದು ಕೇಳಿದ್ದೆ, ಹಾಗಾಗಿ ಅವನ ಅಂಗಿ ಎಂದೂ ಒಣಗದೆ, ಹಸಿ ಅಂಗಿಯಲ್ಲೇ ಎದೆಯಲ್ಲಿ ಕಫ ಕಟ್ಟಬಹುದಿತ್ತು. ಇದಾವುದೂ ಆಗದಿದ್ದರೂ, ಅವನು ಚೆನ್ನಾಗಿದ್ದಾನೆ ಎಂಬ ಸುದ್ದಿಯನ್ನು ಹೊತ್ತು ನಾನು ಓಡಿಬರುವಾಗ ಹನುಮಂತನ ಗುಡಿಯ ಮುಂದಿನ ಕಲ್ಲಿಗೆ ಎಡವಿ ಬಿದ್ದು, ಅಲೆ ಎಷ್ಟು ಎತ್ತರವಿತ್ತೆಂಬುದನ್ನು ಅಲ್ಲೇ ಚೆಲ್ಲಿಬಿಡಬಹುದಿತ್ತು.

ಇಷ್ಟನ್ನೂ ನಾನು ಭಾಲ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಅಪ್ಪನ ಹೊಲಿಗೆ ಮಷೀನಿನ ಪಕ್ಕದಲ್ಲಿ ಕೂತು ಕ್ರಮವಾಗಿ ಯೋಚಿಸುತ್ತಿದ್ದೆ. ಸಮುದ್ರ ಅಲ್ಲಿಂದ ಎಷ್ಟು ದೂರವೆಂದು ನಮ್ಮ ಗಲ್ಲಿಯಲ್ಲಿ ಯಾರಿಗೂ ನಿಖರವಾಗಿ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ತುಂಬುವ ಕೆರೆ, ಬೇಸಿಗೆಯಲ್ಲಿ ತಳ ಕಾಣುವ ಬಾವಿ, ಸಾಯಗಾಂವದ ನಮ್ಮ ಹೊಲದಂಚಿನಲ್ಲಿ ಕುರಿಗಳು ನೀರು ಕುಡಿಯುತ್ತಿದ್ದ ಹೊಂಡ, ನಾವು ನೋಡಿದ ನೀರು ಇಷ್ಟೇ. ಆದರೂ ಪ್ರತಿ ಭಾನುವಾರ ಬೆಳಿಗ್ಗೆ, ರೊಟ್ಟಿ ಬಡಿಯುವ ಹೊತ್ತಿಗೆ, ತೆಂಕಬೇಲೆ ಎಂಬ ಸಣ್ಣ ಕಡಲ ದಂಡೆಯ ಆ ದಿನದ ಅಲೆ, ಗಾಳಿ ಮತ್ತು ಮಳೆಯ ಸಮಾಚಾರ ನಮ್ಮ ಮನೆಗೆ ತಪ್ಪದೆ ಬರುತ್ತಿತ್ತು. ತರುತ್ತಿದ್ದವಳು ನಾನು.

ಈಗ ನಾನು ಬೀದರಿನ ಮೈಲೂರಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ರಕ್ತದೊತ್ತಡದ ಗುಳಿಗೆ ನುಂಗುತ್ತೇನೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಮನೆಗೆ ಮರಳುತ್ತೇನೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಮೊಬೈಲಿನಲ್ಲಿ ತೆಂಕಬೇಲೆಯ ಅಲೆಗಳನ್ನು ನೋಡುತ್ತೇನೆ. ಈಗ ಅದಕ್ಕೆಂದೇ ಆ್ಯಪ್‌ಗಳಿವೆ. ಅಲೆಯ ಎತ್ತರ, ಗಾಳಿಯ ದಿಕ್ಕು, ನೀರು ಏರುವ ಇಳಿಯುವ ವೇಳೆ, ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವವರಿಗೆ ದಿನ ಹೇಗಿದೆ ಎಂಬುದಕ್ಕೆ ಹಸಿರು, ಹಳದಿ, ಕೆಂಪು ಬಣ್ಣಗಳು. ಅಲ್ಲಿ ನನ್ನ ನೆಂಟರಿಲ್ಲ, ನನಗೆ ಈಜು ಬರುವುದಿಲ್ಲ, ಹಲಗೆಯ ಮೇಲೆ ನಿಲ್ಲುವುದು ಹಾಗಿರಲಿ, ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತವಳಲ್ಲ. ನನ್ನ ಗಂಡ ಚಹಾ ಕುಡಿಯುತ್ತ ಕೇಳುತ್ತಾರೆ:

"ಏನ್ರಿ ಮೇಡಮ್ಮ, ಇವತ್ತು ನೀರಿಗೆ ಇಳೀಬಹುದಾ? ಇಲ್ಲಾ ಸಾಲಿಗೇ ಹೋಗ್ತೀರಾ?"

ಹಸಿರು ಬಣ್ಣ ಬಂದ ದಿನವೂ ನಾನು ಶಾಲೆಗೇ ಹೋಗುತ್ತೇನೆ. ಹಸಿರು ಬಣ್ಣವನ್ನು ನಾನು ನಂಬುವುದಿಲ್ಲ. ಅದಕ್ಕೆ ಕಾರಣವಿದೆ.

ನಮ್ಮ ಮನೆ ಜಾಜುಗಲ್ಲಿನ ಗೋಡೆಯದು, ಮೇಲೆ ಮಣ್ಣಿನ ಮಾಳಿಗೆ. ಬೀದಿಗೆ ಮುಖಮಾಡಿದ ಪಡಸಾಲೆಯಲ್ಲಿ ಅಪ್ಪನ ಮಷೀನು, ಅದರ ಸುತ್ತ ಗಲ್ಲಿಯವರ ಅರೆಹೊಲಿದ ಜಂಪರುಗಳು. ಒಳಗೆ ಅಡುಗೆಮನೆ, ಅವ್ವನ ರೊಟ್ಟಿಯ ಸದ್ದು ಅಲ್ಲಿಂದ ಸದಾ ಬರುತ್ತಿತ್ತು. ನಡುವೆ ಅಂಗಳ. ಅಂಗಳದ ಒಂದು ಮೂಲೆಯಲ್ಲಿ ಬಚ್ಚಲು, ಇನ್ನೊಂದು ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ನಮ್ಮ ಆಯಿ. ಆಯಿ ಅಂದರೆ ಅಪ್ಪನ ತಾಯಿ. ಕುರಿ ಕಾಯ್ದ ಮನೆತನದಿಂದ ಬಂದವಳು, ಕುರಿಗಳು ಹೇಗೆ ತಿರುಗಿ ನಿಂತಿವೆ ಎನ್ನುವುದನ್ನು ನೋಡಿ ಮಳೆ ಹೇಳುತ್ತಿದ್ದಳು. ಕುರಿಗಳನ್ನು ಮಾರಿದ ಮೇಲೆ ಆ ಅಭ್ಯಾಸವನ್ನು ಮನುಷ್ಯರ ಮೇಲೆ ತಿರುಗಿಸಿದಳು. ನಾವು ಯಾವ ಮಗ್ಗುಲಿಗೆ ಕೂತಿದ್ದೇವೆ ಎಂಬುದರಿಂದ ಹೊಟ್ಟೆಯಲ್ಲಿ ಏನಿದೆ ಎಂದು ಅವಳಿಗೆ ತಿಳಿಯುತ್ತಿತ್ತು.

ವಿಠ್ಠಲ ಕಾಕಾ ಅಪ್ಪನ ತಮ್ಮ. ರೇಡಿಯೋ ರಿಪೇರಿ ಕಲಿತವನು. ತೆಂಕಬೇಲೆಯಲ್ಲಿ ದೋಣಿಗಳ ರೇಡಿಯೋ ದುರಸ್ತಿ ಮಾಡುವ ನೌಕರಿ ಸಿಕ್ಕಿದೆ ಎಂದು ಒಂದು ದಿನ ಟ್ರಂಕು ಹೊತ್ತು ಹೋದ. ನಾನು ಅವನ ಬಾಲವಾಗಿದ್ದೆ. ನನ್ನನ್ನು ಚಿಮಣಿ, ಅಂದರೆ ಗುಬ್ಬಿ, ಎಂದು ಮೊದಲು ಕರೆದವನೂ ಅವನೇ. ಬಸ್ಸು ಹತ್ತುವಾಗ ಅವನು ನನಗೊಂದು ಮಾತು ಕೊಟ್ಟ:

"ರಜಾ ಬಿಟ್ಟ ಕೂಡ್ಲೇ ನಿನ್ನ ಕರಕೊಂಡು ಹೋಗ್ತೇನಿ. ಸಮುದ್ರ ಸ್ವಲ್ಪ ಶಾಂತ ಇರಬೇಕು, ಅಷ್ಟೇ. ನೀ ಫಿಕೀರ್ ಮಾಡಬ್ಯಾಡ."

ಫಿಕೀರ್ ಮಾಡಬೇಡ ಎಂದು ಹೇಳಿದ ಆ ಗಳಿಗೆಯಿಂದ ನಾನು ಫಿಕೀರ್ ಮಾಡುವುದನ್ನು ಶುರು ಮಾಡಿದೆ, ಇನ್ನೂ ನಿಲ್ಲಿಸಿಲ್ಲ.

ನಮ್ಮ ಗಲ್ಲಿಯಲ್ಲಿ ಫೋನಿದ್ದದ್ದು ಇಸ್ಮಾಯಿಲ್ ಚಾಚಾನ ಕಿರಾಣಿ ಅಂಗಡಿಯಲ್ಲಿ. ಭಾನುವಾರ ಕಾಕಾನ ಫೋನು ಬರುವುದು, ಚಾಚಾ ಅಂಗಡಿಯ ಕಟ್ಟೆಯಿಂದಲೇ "ಏ ಚಿಮಣಿ ಬೇಟೀ, ಜಲ್ದಿ ಬಾ, ನಿನ್ನ ದರಿಯಾ ಬಂದಾದ" ಎಂದು, ಸಮುದ್ರಕ್ಕೆ ತನ್ನ ಉರ್ದು ಹೆಸರಿಟ್ಟು ಕೂಗುವುದು, ನಾನು ಓಡುವುದು. ಅಪ್ಪ ಹೋಗುತ್ತಿರಲಿಲ್ಲ. ತಮ್ಮನ ಮೇಲೆ ಏನೋ ಸಿಟ್ಟು ಎಂದು ಮುಖ ಗಂಟು ಹಾಕಿಕೊಂಡಿರುತ್ತಿದ್ದ. ಅವ್ವನಿಗೆ ಹಂಚಿನ ಮೇಲೆ ರೊಟ್ಟಿ. ಆಯಿಗೆ ಕಿವಿ. "ನನ್ನ ಕಿವಿಗಿ ಫೋನು ಹಿಡಸಾಂಗಿಲ್ಲ ಯವ್ವಾ, ಒಳಗ ದುಂಬಿ ಹೊಕ್ಕಾಂಗ ಆಗ್ತದ" ಎನ್ನುತ್ತಿದ್ದಳು. ಹೀಗೆ ಆ ಕೆಲಸ ನನ್ನ ಪಾಲಿಗೆ ಬಂತು. ಕಾಕಾ ನಿಧಾನವಾಗಿ, ವಾರ್ತೆ ಓದುವವರ ಹಾಗೆ ಹೇಳುತ್ತಿದ್ದ: ಇವತ್ತು ಅಲೆ ಆಳೆತ್ತರ, ಗಾಳಿ ಜೋರು, ಮೀನುಗಾರರು ನೀರಿಗೆ ಇಳಿಯುವ ಹಾಗಿಲ್ಲ. ಅಥವಾ, ಇವತ್ತು ಮೊಣಕಾಲೆತ್ತರ, ಮೋಡ ಕಡಿಮೆ, ಸಂಜೆಗೆ ಒಂದು ಹನಿ ಬಂದರೆ ಬಂತು. ನಾನು ಅದನ್ನು ಬಾಯಿಪಾಠ ಮಾಡಿಕೊಂಡು ಓಡಿಬಂದು ಅಂಗಳದ ನಡುವೆ ನಿಂತು ಒಪ್ಪಿಸುತ್ತಿದ್ದೆ. ಅಷ್ಟರಲ್ಲಿ ಜಂಪರು ಒಯ್ಯಲು ಬಂದ ಹೆಂಗಸರು, ಮಜ್ಜಿಗೆ ಕೇಳಲು ಬಂದವರು, ಸುಮ್ಮನೆ ಬಂದವರು ಎಲ್ಲ ಸೇರಿರುತ್ತಿದ್ದರು. ಅವರಲ್ಲಿ ಮುಖ್ಯಳಾದವಳು ಎದುರುಮನೆಯ ಶಾಂತಮ್ಮ. ಗಲ್ಲಿಯ ಯಾವ ಸುದ್ದಿಯೂ ಅವಳ ಒಪ್ಪಿಗೆ ಇಲ್ಲದೆ ಮುಂದೆ ಹೋಗುತ್ತಿರಲಿಲ್ಲ.

"ಹ್ಯಾಂಗದ ಚಿಮಣಿ ನಿಮ್ಮ ಸಮುದ್ರ?"

"ಆಳೆತ್ತರ ಅಲಿ ಅವ್ರಿ. ಯಾರೂ ಇಳೀಬಾರದಂತ್ರಿ."

"ಅಯ್ಯ ಶಿವನೇ! ಮತ್ತ ವಿಠ್ಠಲ?"

"ಕಾಕಾ ದಂಡಿ ಮ್ಯಾಲ ಅದಾನ್ರಿ. ಆದ್ರ ದಂಡಿ ತನಕಾ ಬರ್ತದಂತ್ರಿ ನೀರು."

ಹೇಳುತ್ತ ಹೇಳುತ್ತ ನನಗೆ ಅಳು ಬರುತ್ತಿತ್ತು. ಅಲೆ ಎತ್ತರವಿದ್ದ ಪ್ರತಿ ಭಾನುವಾರ ನಾನು ಅತ್ತಿದ್ದೇನೆ, ಅದಕ್ಕೆ ಇಡೀ ಗಲ್ಲಿಯೇ ಸಾಕ್ಷಿ. ಹೆಂಗಸರು ನನ್ನ ತಲೆ ಸವರುತ್ತಿದ್ದರು. ಆಯಿ ಆಗ ಮನೆಯ ಒಂದು ನಿಯಮವನ್ನು ಜಾರಿಗೆ ತರುತ್ತಿದ್ದಳು. ಸಮುದ್ರ ಎದ್ದ ದಿನ ನಮ್ಮ ಮನೆಯಲ್ಲಿ ಯಾರೂ ನೀರನ್ನು ಧಪ್ಪೆಂದು ಸುರಿಯುವಂತಿರಲಿಲ್ಲ. ಸ್ನಾನದ ತಂಬಿಗೆಯನ್ನು ಹೆಗಲಿಗೆ ಒತ್ತಿ ಹಿಡಿದು, ಎಣ್ಣೆ ಸುರಿದ ಹಾಗೆ, ಸದ್ದಾಗದಂತೆ ಇಳಿಸಬೇಕು. ಮುಸುರೆ ನೀರನ್ನು ಬಾಗಿ ನೆಲಕ್ಕೆ ಮುಟ್ಟಿಸಿ ಚೆಲ್ಲಬೇಕು. ಇಲ್ಲಿ ನೀರು ಅಲುಗಿದರೆ ಅಲ್ಲಿ ಅಲುಗುತ್ತದೆ, ನೀರೆಲ್ಲ ಒಂದೇ ಕುಲ ಎಂದು ಆಯಿಯ ವಾದ. ಬಚ್ಚಲಿನಿಂದ ಅಪ್ಪ ರೇಗುತ್ತಿದ್ದ:

"ಅಲ್ಲಿ ಅಲಿ ಎದ್ರ ನಾ ಇಲ್ಲಿ ಸಾಬೂನು ತೊಳಕೋಬಾರದೇನ? ಕಣ್ಣಾಗ ಹೊಂಟದ!"

"ನಿನಗ ಕಣ್ಣಿನ ಚಿಂತಿ. ಅಲ್ಲಿ ನನ್ನ ಮಗಾ ದಂಡಿ ಮ್ಯಾಲ ನಿಂತಾನ."

"ನಿಂತಾನ ನಿಂತಾನ. ಒಳ್ಳೇ ಕಡೆ ನಿಂತಾನ."

ಅಪ್ಪನ ಆ ಕೊನೆಯ ಮಾತಿಗೆ ಅವ್ವ ಒಳಗಿನಿಂದ ರೊಟ್ಟಿಯನ್ನು ಒಂದು ಪೆಟ್ಟು ಜೋರಾಗಿ ಬಡಿಯುತ್ತಿದ್ದಳು. ನನಗದು ಬರೀ ರೊಟ್ಟಿಯ ಸದ್ದಾಗಿ ಕೇಳುತ್ತಿತ್ತು.

ಶಾಲೆಯಲ್ಲೂ ನಾನು ಸಮುದ್ರದ ವಿಷಯಕ್ಕೆ ಅಧಿಕಾರಿ. ಕಾಕಾ ಒಂದು ಸಲ ಫೋನಿನಲ್ಲಿ, ತೆಂಕಬೇಲೆಯಲ್ಲಿ ಬೆಳಿಗ್ಗೆ ಸೂರ್ಯ ನೀರಿನಿಂದ ತಾಮ್ರದ ಕೊಡದ ಹಾಗೆ ಮೇಲೇಳುತ್ತಾನೆ ಎಂದಿದ್ದ. ಭೂಗೋಳದ ಪಾಠದಲ್ಲಿ ಮಾಸ್ತರು, ನಮ್ಮ ರಾಜ್ಯದ ಸಮುದ್ರ ಪಶ್ಚಿಮಕ್ಕಿದೆ, ಅಲ್ಲಿ ಸೂರ್ಯ ಮುಳುಗುತ್ತಾನೆ, ಹುಟ್ಟುವುದು ಗುಡ್ಡದ ಕಡೆಯಿಂದ ಎಂದರು. ನಾನು ಎದ್ದು ನಿಂತು, ನಮ್ಮ ಕಾಕಾ ದಿನಾ ನೋಡುತ್ತಾನೆ, ನೀರಿನಿಂದಲೇ ಹುಟ್ಟುತ್ತಾನೆ ಎಂದೆ. ಮಾಸ್ತರು ನಕ್ಷೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರೂ ಸಮುದ್ರ ಕಂಡವರಲ್ಲ. ಕಡೆಗೆ ನಕ್ಷೆ ಸುತ್ತಿಡುತ್ತ ಹೇಳಿದರು:

"ಅಲ್ಲಿದ್ದವ್ರು ಹೇಳ್ಲತ್ತಾರಂದ್ರ ಇರಬಹುದವ್ವಾ. ಪರೀಕ್ಷಾದಾಗ ಮಾತ್ರ ಪುಸ್ತಕದಾಗಿದ್ದದ್ದು ಬರಿ."

ಒಂದು ದಸರಾ ರಜೆಗೆ ಅಪ್ಪ ನನಗೆ ಸಮುದ್ರಕ್ಕೆಂದೇ ಒಂದು ಫ್ರಾಕು ಹೊಲಿದ. ನೀಲಿ ಬಟ್ಟೆ. ಗಾಳಿಗೆ ಹಾರಬಾರದೆಂದು ಸೊಂಟಕ್ಕೆ ಉದ್ದನೆಯ ಎರಡು ಕಟ್ಟು. ನಾನು ಬಾಗಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದೆ. ಆ ಭಾನುವಾರ ಕಾಕಾನ ಫೋನು ಬಂತು. ಅಲೆ ಎರಡಾಳು ಎತ್ತರ ಎದ್ದಿದೆ, ಈ ರಜೆಗೆ ಬೇಡ. ದೀಪಾವಳಿಗೂ ಸಮುದ್ರ ಎದ್ದಿತು. ಬೇಸಿಗೆಯಲ್ಲಿ ಶಾಂತವಾಗಿತ್ತು, ಶಾಲೆಗೆ ರಜೆ ಬಿಟ್ಟ ವಾರವೇ ಎಲ್ಲಿಂದಲೋ ಗಾಳಿ ಬಂದು ಕೆಡಿಸಿತು. ನಾನು ಮೇಲೆ ಬೆಳೆದ ಹಾಗೆ ಅಪ್ಪ ಪ್ರತಿ ರಜೆಗೂ ಫ್ರಾಕಿನ ಅಂಚು ಬಿಚ್ಚಿ ಉದ್ದ ಮಾಡಿಕೊಡುತ್ತಿದ್ದ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ಸಮುದ್ರಕ್ಕೆ ನನ್ನ ಮುಖ ಕಂಡರೆ ಆಗುವುದಿಲ್ಲ ಎಂಬ ತೀರ್ಮಾನಕ್ಕೆ ನಾನು ಆಗಲೇ ಬಂದಿದ್ದೆ. ಅಷ್ಟು ದೊಡ್ಡ ನೀರು, ಅಷ್ಟು ದೂರದಿಂದ, ಭಾಲ್ಕಿಯ ಒಬ್ಬ ಹುಡುಗಿಯ ರಜೆಯ ಪಟ್ಟಿ ನೋಡಿಕೊಂಡು ಕೆರಳುತ್ತದೆ ಎಂದರೆ ನನ್ನಲ್ಲಿ ಏನೋ ದೋಷವಿರಲೇಬೇಕಲ್ಲ.

ಆ ವರ್ಷದ ಮಳೆಗಾಲದ ಕೊನೆಗೆ ನಮ್ಮ ಶಾಲೆಯ ಖೋಖೋ ತಂಡಕ್ಕೆ ನನ್ನನ್ನು ಸೇರಿಸಿದರು. ಬೀದರಿನಲ್ಲಿ ಪಂದ್ಯ, ಭಾನುವಾರ ಬೆಳಿಗ್ಗೆ. ನನಗೆ ಆಟಕ್ಕಿಂತ ಫೋನಿನದೇ ಚಿಂತೆ. ಆ ದಿನದ ಅಲೆಯನ್ನು ಯಾರು ತರುತ್ತಾರೆ? ಆಯಿ, ಒಂದು ವಾರ ಇಲ್ಲದಿದ್ದರೆ ಸಮುದ್ರ ಬತ್ತುವುದಿಲ್ಲ, ಹೋಗು ಎಂದಳು. ಬೀದರಿಗೆ ತಾನೇ ಎಂದು ಎರಡು ಸಲ ಕೇಳಿದಳು. ಬಸ್ ನಿಲ್ದಾಣಕ್ಕೆ ಹೋದ ಮೇಲೆ ನಮ್ಮ ಟೀಚರು ಹೇಳಿದರು, ಬೀದರಿನ ಮೈದಾನದಲ್ಲಿ ಮಳೆನೀರು ನಿಂತಿದೆ, ಪಂದ್ಯ ಔರಾದಿಗೆ ಹೋಗಿದೆ. ನಾವು ಔರಾದಿನ ಬಸ್ಸು ಹತ್ತಿದೆವು. ಮನೆಗೆ ಹೇಳಿ ಕಳಿಸಲು ಆಗಲಿಲ್ಲವಲ್ಲ, ಅವರು ನನ್ನನ್ನು ಬೀದರಿನಲ್ಲಿ ಹುಡುಕಿದರೆ ಏನು ಗತಿ ಎಂದು ದಾರಿಯುದ್ದಕ್ಕೂ ಕಿಟಕಿಯ ಕಂಬಿ ಹಿಡಿದುಕೊಂಡಿದ್ದೆ.

ಮೊದಲ ಪಂದ್ಯದಲ್ಲೇ ಸೋತೆವು. ನಾನು ಓಡುವಾಗ ಹಿಂದೆ ತಿರುಗಿ ನೋಡುತ್ತೇನೆ, ಯಾರಾದರೂ ಬಿದ್ದರೇನೋ ಎಂದು. ಖೋಖೋಗೆ ಅದು ಒಳ್ಳೆಯ ಗುಣವಲ್ಲ. ಟೀಚರು ಬೇಸರದಿಂದ ನಮ್ಮನ್ನೆಲ್ಲ ಪೇಟೆಯ ಒಂದು ಹೊಟೇಲಿಗೆ ಕರೆದುಕೊಂಡು ಹೋಗಿ ಚುರುಮುರಿಯ ಸುಸ್ಲಾ ಕೊಡಿಸಿದರು. ಹೊಟೇಲಿನ ಪಕ್ಕದಲ್ಲಿ ಒಂದು ಗೂಡಂಗಡಿ, ಒಳಗೆ ಗೋಡೆಯ ತುಂಬ ಹೊಟ್ಟೆ ಬಗೆದ ರೇಡಿಯೋಗಳು. ಒಂದು ರೇಡಿಯೋ ಮಾತಾಡುತ್ತಿತ್ತು. ಕರಾವಳಿಯ ಮೀನುಗಾರರಿಗೆ ಮುನ್ಸೂಚನೆ, ಅಲೆಗಳ ಎತ್ತರ, ಗಾಳಿಯ ವೇಗ. ನನಗೆ ಎಷ್ಟು ಸಂತೋಷವಾಯಿತೆಂದರೆ, ಸುಸ್ಲಾದ ತಾಟು ಹಿಡಿದುಕೊಂಡೇ ಅಂಗಡಿಯ ಮುಂದೆ ಹೋಗಿ ನಿಂತೆ. ಮನೆಯಲ್ಲಿಲ್ಲದಿದ್ದರೇನು, ಇವತ್ತಿನ ಸಮುದ್ರ ನನಗೆ ಇಲ್ಲೇ ಸಿಕ್ಕಿತು ಎಂದುಕೊಂಡೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅದಕ್ಕೆ ಅಂಟಿಕೊಂಡೇ ಒಂದು ಎಸ್‌ಟಿಡಿ ಡಬ್ಬಿ, ಗಾಜು ಒಡೆದದ್ದು. ಒಳಗೆ ಬೆನ್ನು ಮಾಡಿ ನಿಂತ ಒಬ್ಬ ಗಂಡಸು ಫೋನಿನಲ್ಲಿ ಮಾತಾಡುತ್ತಿದ್ದ.

"ಸಲಾಂ ಚಾಚಾ. ನಮ್ಮ ಚಿಮಣಿನ್ನ ಕರೀರಿ... ಹಾಂ? ಬೀದರಕ್ಕ ಹೋಗ್ಯಾಳ? ಹಂಗಾದ್ರ ನಮ್ಮ ಯವ್ವಗೇ ಕೊಡ್ರಿ, ನಿಂತಾಳೇನು ಅಲ್ಲೇ?"

ಧ್ವನಿ ನನಗೆ ಗೊತ್ತಿತ್ತು. ಅದು ಇಲ್ಲಿ ಇರಬಾರದಾಗಿತ್ತು ಎಂಬುದಷ್ಟೇ ಗೊತ್ತಾಗಲಿಲ್ಲ. ಫೋನು ಎಂದರೆ ದೂರದವರನ್ನು ಹತ್ತಿರ ತರುವ ಯಂತ್ರವಾದ್ದರಿಂದ, ತೆಂಕಬೇಲೆಯ ಕಾಕಾ ಹೇಗೋ ಈ ಡಬ್ಬಿಯಿಂದ ಹೊರಗೆ ಕೇಳುತ್ತಿದ್ದಾನೆ ಎಂದೇ ಒಂದು ಗಳಿಗೆ ತಿಳಿದೆ.

"ಯವ್ವಾ? ಹಾಂ, ನಾನೇ. ಚಿಮಣಿ ಇಲ್ಲಂದ್ರ ಛಲೋ ಆತು ಬಿಡು, ಇವತ್ತು ಸಮುದ್ರ ಬ್ಯಾಡ. ನಿನ್ನ ಮೊಣಕಾಲು ಹ್ಯಾಂಗದ? ... ಅಕಿ ಅರಾಮ ಅದಾಳ. ಸಾಲಿಗಿ ಇವತ್ತು ಸೂಟಿ, ಮನ್ಯಾಗೇ ಅದಾಳ. ನೀ ಕಳಿಸಿದ ಶೇಂಗಾ ಹಿಂಡಿ ತಿಂದು ನಿನ್ನೇ ನೆನಸ್ಲತ್ತಿದ್ಳು... ಇಲ್ಲೇನ್ ಮಳಿ? ಔರಾದನ್ಯಾಗ ಧೂಳೇ ಧೂಳ..."

ಅವನು ಮೆಲ್ಲಗೆ ಮಾತಾಡುತ್ತಿದ್ದ. ಕೂಗಿ ಹೇಳುವ ಅಗತ್ಯವೇ ಇರಲಿಲ್ಲ. ದುಂಬಿ ಹೊಕ್ಕ ಕಿವಿ ಆಚೆ ಕಡೆ ಎಲ್ಲವನ್ನೂ ಸರಿಯಾಗಿ ಕೇಳಿಸಿಕೊಳ್ಳುತ್ತಿತ್ತು.

ನನ್ನ ಕೈಯಲ್ಲಿನ ತಾಟು ಗಾಜಿಗೆ ತಾಗಿರಬೇಕು, ಅವನು ತಿರುಗಿದ. ಕಾಕಾ. ಅದೇ ಮೀಸೆ, ಗಲ್ಲದ ಮೇಲೆ ಅದೇ ಗಾಯದ ಕಲೆ. ನನ್ನನ್ನು ನೋಡಿದ. ಆಮೇಲೆ, ಇವತ್ತಿಗೂ ನೆನೆದರೆ ನನಗೆ ನಗಬೇಕೋ ಏನು ಮಾಡಬೇಕೋ ತಿಳಿಯುವುದಿಲ್ಲ, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಫೋನಿಗೆ ಜೋರಾಗಿ ಹೇಳಲು ಶುರುಮಾಡಿದ:

"ಇವತ್ತು ಇಲ್ಲಿ ಅಲಿ... ಅಲಿ ಮೊಣಕಾಲೆತ್ತರ. ಗಾಳಿ ಸಾಧಾರಣ. ಮೀನುಗಾರರು... ಮೀನುಗಾರರು ಇಳೀಬಹುದು."

ಆಚೆಯಿಂದ ಆಯಿ ಏನು ಕೇಳಿದಳೋ. ಹುಚ್ಚು ಹಿಡಿದಿದೆಯೇ ನಿನಗೆ ಎಂದಿರಬೇಕು. ಅವನು ಫೋನಿಟ್ಟ.

ಟೀಚರಿಗೆ ನನ್ನ ಕಾಕಾ ಎಂದು ಹೇಳಿ, ಬಸ್ಸಿನ ಹೊತ್ತಿಗೆ ಬಿಡುತ್ತೇನೆಂದು ಅವನು ನನ್ನನ್ನು ಮನೆಗೆ ಕರೆದುಕೊಂಡು ಹೋದ. ಆ ರೇಡಿಯೋ ಅಂಗಡಿ ಅವನದೇ, ಅದರ ಹಿಂದಿನ ಓಣಿಯಲ್ಲೇ ಮನೆ. ಎರಡು ಕೋಣೆ, ಗೋಡೆಯ ಮೇಲೆ ಬುದ್ಧನ ಚಿತ್ರ, ಮೇಜಿನ ಮೇಲೆ ತಿದ್ದಲಿಟ್ಟ ಮಕ್ಕಳ ಉತ್ತರ ಪತ್ರಿಕೆಗಳು. ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ಬಂದ ಹೆಂಗಸು ನನ್ನನ್ನು ನೋಡಿದ್ದೇ ಕಾಕಾನ ಕಡೆ ತಿರುಗಿದಳು.

"ಇಕಿ ಚಿಮಣಿ ಅಲ್ಲ? ಬಂದಳೇನು ಕಡೀಗಿ? ಈಗೇನ್ ಹೇಳ್ತೀರಿ? ಹೇಳ್ರಿ ನೋಡೋಣು, ಎಷ್ಟೆತ್ತರ ಅದ ಅಲಿ?"

ಅವಳು ಕಾಕಾನ ಹೆಂಡತಿ. ನನಗೆ ಕಾಕು. ಔರಾದಿನ ಶಾಲೆಯಲ್ಲಿ ಕಲಿಸುತ್ತಿದ್ದಳು. ಬೇರೆ ಜಾತಿ, ಬೌದ್ಧರ ಮನೆ. ನಮ್ಮ ಗಲ್ಲಿಗೆ ಅದನ್ನು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇದನ್ನೆಲ್ಲ ನನಗೆ ಹೇಳಿದವಳು ಅವಳೇ, ನನ್ನ ಮುಂದೆ ಚಹಾ ಇಟ್ಟು, ದೊಡ್ಡವರಿಗೆ ಹೇಳುವ ಹಾಗೆ. ಕಾಕಾ ಹೊಸ್ತಿಲ ಮೇಲೆ ಕೂತು ಸ್ಕ್ರೂಡ್ರೈವರಿನಿಂದ ನೆಲ ಕೆರೆಯುತ್ತಿದ್ದ.

"ನಮ್ಮ ಆಯಿಗಿ ಗೊತ್ತದೇನ್ರಿ?" ನಾನು ಕೇಳಿದೆ.

"ಗೊತ್ತದೇನು! ಲಗ್ನದಾಗ ನನಗ ಕಾಲುಂಗುರ ಇಟ್ಟಾಕಿನೇ ನಿಮ್ಮ ಆಯಿ."

"ನಮ್ಮ ಅಪ್ಪಗ?"

"ನಾ ಈಗ ತೊಟ್ಟೀನಲ್ಲ, ಈ ಜಂಪರು ಯಾರು ಹೊಲಿದಾರಂತ ಮಾಡಿದಿ?"

ನಾನು ಆ ಜಂಪರಿನ ತೋಳಿನ ಹೊಲಿಗೆ ನೋಡಿದೆ. ಅಪ್ಪನ ಹೊಲಿಗೆ. ಅವ್ವನ ವಿಷಯ ನಾನು ಕೇಳಲಿಲ್ಲ. ಕೇಳಿದರೆ ಅದಕ್ಕೂ ಉತ್ತರವಿರುತ್ತದೆ ಎಂದು ಭಯವಾಯಿತು.

"ಮತ್ತ ನನಗ್ಯಾಕ ಹೇಳಲಿಲ್ಲ?"

ಕಾಕು ಗಂಡನ ಕಡೆ ನೋಡಿದಳು. ಅವನು ನೆಲ ಕೆರೆಯುವುದನ್ನು ನಿಲ್ಲಿಸಲಿಲ್ಲ. ಅವಳೇ ಹೇಳಿದಳು:

"ದೊಡ್ಡವರು ಹೇಳಿದ್ರ ಗಲ್ಲಿ ನಂಬಾಂಗಿಲ್ಲಂತ ತಂಗಿ. ನೀ ಅಳಕೋತ ಹೇಳ್ತಿ ನೋಡು, ಅದಕ್ಕ ನಂಬ್ತದಂತ. ನಾ ಇವರಿಗಿ ಹೇಳಿ ಹೇಳಿ ಸಾಕಾಗೇನಿ, ಹುಡುಗಿ ಕಣ್ಣೀರು ತಗೊಂಡು ನಮ್ಮ ಸಂಸಾರ ಮುಚ್ಚಬ್ಯಾಡ್ರಿ ಅಂತ."

ನನಗೆ ಕೇಳಬೇಕಾದದ್ದು ಬಹಳವಿತ್ತು. ಹತ್ತಿರದ್ದನ್ನು ಕೇಳಿದೆ.

"ಕಾಕಾ, ನೀ ಸಮುದ್ರ ನೋಡಿಯೇನು?"

ಅವನು ಸ್ಕ್ರೂಡ್ರೈವರನ್ನು ಕಿಸೆಗೆ ಹಾಕಿಕೊಂಡ.

"ಫೋಟೋದಾಗ."

ಹೊರಡುವಾಗ ಬಸ್ ನಿಲ್ದಾಣದಲ್ಲಿ ನನ್ನ ಕೈಗೆ ಒಂದು ಪೊಟ್ಟಣ ಬಿಸ್ಕೀಟು ಕೊಟ್ಟು, ಯಾರಿಗೂ ಹೇಳಬೇಡ ಎಂದ. ಯಾರಿಗೆ ಹೇಳಲಿ? ಗೊತ್ತಿಲ್ಲದವಳು ನಾನೊಬ್ಬಳೇ ಇದ್ದೆ.

ಆ ವಾರ ಮನೆಯಲ್ಲಿ ನಾನು ಎಲ್ಲರನ್ನೂ ನೋಡುತ್ತ ಕಳೆದೆ. ಅವ್ವ ನನ್ನ ಜಡೆ ಹೆಣೆಯುವಾಗ ಏನಾದರೂ ಹೇಳುತ್ತಾಳೆಂದು ಕಾದೆ. ಅಪ್ಪ ಮಷೀನಿನಿಂದ ತಲೆಯೆತ್ತಿದರೆ ಈಗ ಹೇಳುತ್ತಾನೆ ಎಂದು ಕಾದೆ. ಬೀದರ ಹೇಗಿತ್ತು ಎಂದು ಕೇಳಿದರು, ಚೆನ್ನಾಗಿತ್ತು ಎಂದೆ, ಅವರೂ ನಂಬಿದರು. ಅಂದರೆ ಔರಾದಿನಲ್ಲಿ ನಾನು ಸಿಕ್ಕಿದ್ದನ್ನು ಕಾಕಾ ಅವರಿಗೂ ಹೇಳಿರಲಿಲ್ಲ. ಅಷ್ಟು ಸಣ್ಣ ಮನೆಯಲ್ಲಿ, ಒಬ್ಬರ ತಾಟಿಗೆ ಒಬ್ಬರ ಮೊಣಕೈ ತಾಗುವ ಹಾಗೆ ಕೂತು, ನಾವು ಪುಂಡಿಪಲ್ಯ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದೆವು. ಆಯಿ ಮೊದಲ ರೊಟ್ಟಿಯನ್ನು ಎಂದಿನಂತೆ ಸಮುದ್ರದ ಮಗನಿಗೆಂದು ಮುರಿದು ಪಕ್ಕಕ್ಕಿಟ್ಟಳು. ಎಷ್ಟು ಭಕ್ತಿಯಿಂದ ಇಟ್ಟಳೆಂದರೆ, ಔರಾದಿನಲ್ಲಿ ಕಂಡದ್ದೇ ಸುಳ್ಳಿರಬಹುದು ಎಂದು ನಾನು ಅನುಮಾನಪಟ್ಟೆ. ನೀಲಿ ಫ್ರಾಕು ಗೂಟಕ್ಕೆ ತೂಗುತ್ತಿತ್ತು. ಅದರ ಅಂಚಿನಲ್ಲಿ ಬಿಚ್ಚಿ ಬಿಚ್ಚಿ ಉಳಿದಿದ್ದ ಹಳೆಯ ಹೊಲಿಗೆಯ ಗೆರೆಗಳನ್ನು ನಾನು ಅದುವರೆಗೆ ಅಲಂಕಾರ ಎಂದುಕೊಂಡಿದ್ದೆ.

ಭಾನುವಾರ ಬಂತು. ಚಾಚಾ ಕೂಗಿದ. ನಾನು ಓಡಲಿಲ್ಲ, ನಡೆದುಕೊಂಡು ಹೋದೆ. ಫೋನು ಕಿವಿಗೆ ಹಿಡಿದೆ. ಆಚೆ ಕಡೆ ಉಸಿರು ಕೇಳುತ್ತಿತ್ತು. ಅದರ ಹಿಂದೆ ಔರಾದಿನ ಬಸ್ಸೊಂದು ಹಾರ್ನ್ ಹೊಡೆಯಿತು.

"ಚಿಮಣಿ..."

"ಹೂಂ."

"ಇವತ್ತು... ಏನ್ ಹೇಳ್ಲಿ?"

ಅಲೆಯ ಎತ್ತರವನ್ನು ನನ್ನನ್ನೇ ಕೇಳುತ್ತಿದ್ದ. ಚಾಚಾ ಬೆಲ್ಲ ತೂಗುತ್ತ ನನ್ನ ಕಡೆ ನೋಡಿ ನಗುತ್ತಿದ್ದ. ಚಾಚಾನಿಗೂ ಗೊತ್ತಿತ್ತೇ? ಅವತ್ತಿನಿಂದ ಯಾರು ನಕ್ಕರೂ ನನಗೆ ಆ ಪ್ರಶ್ನೆ ಬರುತ್ತದೆ.

"ನೀ ಏನೂ ಹೇಳಬ್ಯಾಡ," ಎಂದೆ. "ನಾನೇ ಹೇಳ್ತೇನಿ."

ಅಂಗಳಕ್ಕೆ ಬಂದಾಗ ಎಲ್ಲರೂ ಇದ್ದರು. ಶಾಂತಮ್ಮ ಕಟ್ಟೆಯ ಮೇಲೆ, ಇನ್ನಿಬ್ಬರು ಹೆಂಗಸರು ತಲೆಬಾಗಿಲಲ್ಲಿ, ಅಪ್ಪ ಮಷೀನಿನ ಮುಂದೆ, ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಹಿಟ್ಟಿನ ಕೈ. ಶಾಂತಮ್ಮನೇ ಕೇಳಿದಳು, ಹ್ಯಾಂಗದ ಚಿಮಣಿ ಸಮುದ್ರ? ನಾನು ಔರಾದು ಎಂದು ಒಂದು ಪದ ಹೇಳಿದ್ದರೆ ಸಾಕಿತ್ತು. ಶಾಂತಮ್ಮ ಅದನ್ನು ಮಧ್ಯಾಹ್ನದೊಳಗೆ ಇಡೀ ಭಾಲ್ಕಿಗೆ ಹಂಚುತ್ತಿದ್ದಳು. ಪದ ನಾಲಿಗೆಯ ತುದಿಯಲ್ಲಿತ್ತು. ಆದರೆ ಕಾಕು ನೆನಪಾದಳು. ಆ ಮನೆಯಲ್ಲಿ ನನಗೆ ಖರೆ ಹೇಳಿದವಳು ಅವಳೊಬ್ಬಳೇ, ಆ ಪದ ಹೋಗಿ ಬಡಿಯುವುದು ಅವಳಿಗೇ.

"ಬಾಳ ದೊಡ್ಡ ಅಲಿ ಎದ್ದಾವ್ರಿ," ಎಂದೆ. "ಹಿಂದ ಎಂದೂ ಎದ್ದಿಲ್ಲಂತ. ಮಾಳಗಿ ಎತ್ತರ. ದಂಡಿ ಮ್ಯಾಲಿನ ಮನಿ ಎಲ್ಲಾ ಖಾಲಿ ಮಾಡಸ್ಲತ್ತಾರಂತ. ಕಾಕಾಗ ಹೋಗ್ಲಿಕ್ಕಿ ದಾರಿ ಇಲ್ಲಂತ."

ಅಪ್ಪನ ಮಷೀನು ನಿಂತಿತು. ಅವ್ವ ನನ್ನನ್ನು ನೋಡಿ ತಟ್ಟನೆ ಒಳಗೆ ಸರಿದಳು. ಶಾಂತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಅಯ್ಯಯ್ಯೋ ನನ್ನ ಮಗನೇ ಎಂದಳು, ಅದರಲ್ಲಿ ಕಪಟವಿರಲಿಲ್ಲ. ಆಗ ಆಯಿ, ವಾರದ ಹಿಂದೆ ತನ್ನ ಮಗನೊಂದಿಗೆ ಮೊಣಕಾಲಿನ ಸುದ್ದಿ ಮಾತಾಡಿದ ಆಯಿ, ಕಂಬಳಿಯ ಮೇಲೆ ಕೂತಲ್ಲೇ ಸೆರಗು ಕಣ್ಣಿಗೆ ಒತ್ತಿಕೊಂಡಳು. ಭುಜ ಅಲುಗುತ್ತಿತ್ತು. ಸೆರಗು ಸರಿದಾಗ ಕಂಡಿತು, ನಿಜವಾದ ಕಣ್ಣೀರು, ಸುಕ್ಕುಗಳ ಉದ್ದಕ್ಕೂ ಇಳಿಯುತ್ತಿತ್ತು. ಹೆಂಗಸರು ಅವಳನ್ನು ಸುತ್ತುವರಿದರು. ನಂತರ ಎಲ್ಲರೂ ನನ್ನ ಕಡೆ ತಿರುಗಿದರು, ತಲೆ ಸವರಲು ಸಿದ್ಧರಾಗಿ, ಪ್ರತಿ ಸಲ ತಿರುಗುತ್ತಿದ್ದ ಹಾಗೆಯೇ. ಆಯಿಯೂ ತಿರುಗಿದಳು. ಹೆಂಗಸರ ತೋಳುಗಳ ಸಂದಿಯಿಂದ, ಕುರಿ ನೋಡುತ್ತಿದ್ದ ಆ ಕಣ್ಣು, ಇನ್ನೂ ಹನಿಯುತ್ತಲೇ, ನನ್ನ ಮುಖವನ್ನು ನೋಡಿತು.

ಮನೆಯ ಗುಟ್ಟು ಗಲ್ಲಿಗೆ ಬೀಳಲಿಲ್ಲ. ಕಾಕಾನನ್ನು ಯಾರೂ ಜಾತಿಯಿಂದ ಹೊರಗೆ ಹಾಕಲಿಲ್ಲ, ಕಾಕುವಿನ ಬಾಗಿಲಿಗೆ ಯಾರೂ ಕಲ್ಲೆಸೆಯಲಿಲ್ಲ, ಅಪ್ಪನ ಮಷೀನಿಗೆ ಬಟ್ಟೆ ಬರುವುದು ನಿಲ್ಲಲಿಲ್ಲ, ಯಾವ ದಂಡೆಯ ಮೇಲೂ ಯಾವ ಅಲೆಯೂ ಯಾರನ್ನೂ ಮುಟ್ಟಲಿಲ್ಲ. ಆದದ್ದು ಇಷ್ಟೇ. ಅವತ್ತು ನನಗೆ ಅಳು ಬರಲಿಲ್ಲ, ಅದನ್ನು ಆಯಿ ನೋಡಿದಳು.